ಖಾಲಿಯಾದ ಬೀಜದ ಜಾಡಿ

ಜಾಡಿಯ ಮುಚ್ಚಳ ಭದ್ರವಾಗಿತ್ತು. ಕಪಾಟಿನ ಬೀಗವೂ ನೆಟ್ಟಗಿತ್ತು. ಒಳಗಿದ್ದ ಬೀಜ ಮಾತ್ರ ಮಾಯ!

ಕಾಡಿನಿಂದ ಅಳಿದೇಹೋಗಿದ್ದ ನೀಲಿ ಹೂವೊಂದರ ಕೊನೆಯ ಹಿಡಿ ಬೀಜ ಅದು. ಬೀಜಾಲಯದ ವಿಜ್ಞಾನಿ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದರು. ಪರೀಕ್ಷೆಗೆಂದು ನಾಲ್ಕು ಕಾಳು ಹಿಡಿದು ಬೇರೆ ಊರಿನ ಪ್ರಯೋಗಾಲಯಕ್ಕೆ ಹೋಗಿ ಬರುವಷ್ಟರಲ್ಲಿ ಜಾಡಿ ಬರಿದಾಗಿತ್ತು. ಬಂದವರೇ ಸಹಾಯಕನ ಮೇಲೆ ಹರಿಹಾಯ್ದರು—"ಕಳ್ಳ!" ಅಂಗಳದಲ್ಲಿದ್ದ ಕೆಲಸದವರೆಲ್ಲ ತಿರುಗಿ ನೋಡಿದರು.

ಬೀಜದ ಕಂಪನಿಯೊಂದು ಸಹಾಯಕನನ್ನು ಕೆಲಸಕ್ಕೆ ಕರೆದಿದ್ದು ನಿಜ. ಅಷ್ಟಕ್ಕೇ ಕಳ್ಳನಾಗುತ್ತಾನೆಯೇ? ದೂರು ಕೇಳಿ ಬಂದಿದ್ದ ಇನ್ಸ್‌ಪೆಕ್ಟರಮ್ಮನಿಗೆ ಯಾಕೋ ಮನಸ್ಸು ಒಪ್ಪಲಿಲ್ಲ.

"ಬೀಗದ ಕೈ ಯಾರ ಹತ್ರ ಇತ್ತು?"

"ಇವನ ಹತ್ರ," ಎಂದರು ವಿಜ್ಞಾನಿ. "ಇನ್ನೊಂದು ನಮ್ಮಕ್ಕನ ಹತ್ರ. ಅವಳ ಮಾತು ಬಿಡಿ, ತಾಯಿ ಹಾಗೆ ನನ್ನ ಸಾಕಿದವಳು."

ಅಕ್ಕ ಮೂಲೆಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು.

"ಆ ಕಂಪನಿಗೆ ನಾನು ಹೋಗೋದಾಗಿದ್ರೆ ಹೇಳಿಯೇ ಹೋಗ್ತಿದ್ದೆ," ಎಂದ ಸಹಾಯಕ.

ಇನ್ಸ್‌ಪೆಕ್ಟರಮ್ಮನ ಕಣ್ಣು ನಲ್ಲಿಯ ಪಕ್ಕದ ತಟ್ಟೆಯ ಮೇಲೆ ನಿಂತಿತು. ಅದರಲ್ಲಿ ಜರಡಿ ಹಿಡಿದ ಒಣಮರಳು. ಬೆರಳಲ್ಲಿ ಉಜ್ಜಿ ನೋಡಿದರು. ಕದಿಯಲು ಬಂದವನು ಮರಳು ಯಾಕೆ ಜರಡಿ ಹಿಡಿಯುತ್ತಾನೆ?

"ಸರ್, ಅಲ್ಲಿಂದ ಮನೆಗೆ ಫೋನ್ ಮಾಡಿದ್ರಾ?"

"ಮಾಡಿದ್ದೆ, ಅಕ್ಕನಿಗೆ."

"ಏನಂದ್ರಿ? ಅದೇ ಮಾತಲ್ಲಿ ಹೇಳಿ."

"ಬೀಜಕ್ಕೆ ಜೀವ ಇದೆ ಅಕ್ಕಾ, ಇನ್ನು ತಡ ಬೇಡ, ಬ್ರಾಡ್‌ಕಾಸ್ಟ್ ಮಾಡಿಬಿಡು ಅಂದೆ. ಅಂದ್ರೆ, ಎಲ್ಲರಿಗೂ ಸುದ್ದಿ ಮುಟ್ಟಿಸು ಅಂತ!"

ಇನ್ಸ್‌ಪೆಕ್ಟರಮ್ಮ ಅಕ್ಕನ ಪಕ್ಕ ಬಂದು ಕೂತರು.

"ಸಣ್ಣ ಬೀಜ ಒಂದೇ ಕಡೆ ಬೀಳದ ಹಾಗೆ ಮರಳು ಬೆರೆಸ್ತಾರೆ. ಅಲ್ವಾಮ್ಮಾ?"

ಅಕ್ಕನ ಅಳು ಕಟ್ಟೆಯೊಡೆಯಿತು.

"ಅಪ್ಪ ಹೊಲದಲ್ಲಿ ಹಾಗೇ ಅಂತಿದ್ರು... ಬ್ರಾಡ್‌ಕಾಸ್ಟ್ ಅಂದ್ರೆ ಕೈಬೀಸಿ ಬೀಜ ಚೆಲ್ಲೋದು. ಇವನೂ ಅದನ್ನೇ ಹೇಳ್ದ ಅಂದ್ಕೊಂಡೆ. ಹಿಂದಿನ ದಿಬ್ಬದ ತುಂಬ ಚೆಲ್ಲಿದೆ. ಬೆಳಿಗ್ಗೆ ಹೋಗಿ ನೋಡಿದ್ರೆ ಇರುವೆಗಳು ಸಾಲುಗಟ್ಟಿ ಹೊತ್ಕೊಂಡು ಹೋಗ್ತಿದ್ವು. ಇವನು ಬಂದು ಕೂಗಾಡ್ದಾಗ ನಂಗೆ ಬಾಯೇ ಬರ್ಲಿಲ್ಲ."

"ಆ ಪದ ಹುಟ್ಟಿದ್ದೇ ಹೊಲದಲ್ಲಿ," ಎಂದರು ಇನ್ಸ್‌ಪೆಕ್ಟರಮ್ಮ. "ರೇಡಿಯೋದವರು ಆಮೇಲೆ ಎರವಲು ತಗೊಂಡ್ರು. ಚೆಲ್ಲಿದ್ದು ಅಕ್ಕನ ಕೈ, ಚೆಲ್ಲಿಸಿದ್ದು ನಿಮ್ಮ ಮಾತು ಸರ್. ಇಲ್ಲಿ ಕಳ್ಳರು ಯಾರೂ ಇಲ್ಲ."

ವಿಜ್ಞಾನಿಯ ಮುಖ ಕಪ್ಪಿಟ್ಟಿತು. ಎದ್ದು ಅಂಗಳದ ಕಡೆಯ ಬಾಗಿಲು ಮುಚ್ಚಿ, ಸಹಾಯಕನ ಕೈ ಹಿಡಿದರು.

"ತಪ್ಪಾಯ್ತಪ್ಪಾ. ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ."

ಸಹಾಯಕ ಮೆಲ್ಲಗೆ ಕೈ ಬಿಡಿಸಿಕೊಂಡು ಬೀಗದ ಕೈಯನ್ನು ಮೇಜಿನ ಮೇಲಿಟ್ಟ.

"ಕಳ್ಳ ಅಂದಾಗ ಬಾಗಿಲು ತೆಗೆದಿತ್ತು, ಸರ್."

ವಿಜ್ಞಾನಿ ಬಾಗಿಲು ತೆರೆದು ಅಂಗಳಕ್ಕಿಳಿದು ಕೆಲಸದವರನ್ನೆಲ್ಲ ಕರೆದರು. ಅವರು ಕೈಯೊರೆಸಿಕೊಳ್ಳುತ್ತ ಬಂದು ಸೇರಿ, ವಿಜ್ಞಾನಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸಹಾಯಕ ಅವರ ಪಕ್ಕದಿಂದಲೇ ನಡೆದು ಗೇಟು ದಾಟಿದ್ದ.