ಕಥಾನಾಯಕನಿಗೆ ಕನ್ನಡಕ

“ನಾಯಕನಿಗೆ ಕನ್ನಡಕ ಹಾಕಿದ್ದು ಯಾರ್ರೀ?”

ಗಿರಿಜಾಂಬಿಕಾ ತಟ್ಟನೆ ತಲೆ ಎತ್ತಿದಳು.

ಎದುರಿಗೆ ನಿಂತಿದ್ದವನು ತೋಂಟದಾರ್ಯ. ಬೆಂಗಳೂರಿನ ಸಿನಿಮಾ ಕಂಪನಿಯವನು. ಅವರ ಹೊಸ ಚಿತ್ರದ ಕಥೆಯನ್ನು ಕಾದಂಬರಿಯಾಗಿ ಮಾರುವ ಹಕ್ಕನ್ನು ತಿಪಟೂರಿನ ಈ ಪುಟ್ಟ ಮುದ್ರಣಾಲಯ ಪಡೆದಿತ್ತು. ಚಿತ್ರಕಥೆ ನೋಡಿಕೊಂಡು ಹನ್ನೆರಡು ದಿನದಲ್ಲಿ ಬರೆದು ಮುಗಿಸುವ ಕೆಲಸ ಗಿರಿಜೆಯದು. ಪ್ರತಿ ಅಧ್ಯಾಯ ಓದಿ ಸಹಿ ಹಾಕುವ ಕೆಲಸ ಅವನದು. ಶುಕ್ರವಾರ ಚಿತ್ರ ಬಿಡುಗಡೆ. ಅಂದೇ ಪುಸ್ತಕವೂ ಟಾಕೀಸಿನ ಬಾಗಿಲಲ್ಲಿರಬೇಕು. ಚಿತ್ರದಲ್ಲಿಲ್ಲದ್ದು ಪುಸ್ತಕದಲ್ಲಿ ಬಂದರೆ ಒಪ್ಪಂದವೇ ರದ್ದು!

ಇಂದು ಬುಧವಾರ. ಕಳೆದ ಮೂರು ದಿನ ಅವನು ಊರಲ್ಲಿರಲಿಲ್ಲ. ಆಗಲೇ ಅವಳು ಕೊನೆಯ ಅಧ್ಯಾಯ ಬರೆದಿದ್ದಳು. ಗಡುವಿನ ಗಾಬರಿಯಲ್ಲಿ ಮಾಲೀಕರು ಸಹಿಗೂ ಕಾಯದೆ ಅಚ್ಚಿನ ಮೊಳೆ ಜೋಡಿಸಿ ಮುದ್ರಣ ಶುರು ಮಾಡಿಸಿಬಿಟ್ಟಿದ್ದರು.

ತೋಂಟದಾರ್ಯ ಹಾಳೆ ಎತ್ತಿ ಓದಿದ.

“‘ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. ಅದು... ಅದೂ... ಎಂದು ತಡವರಿಸಿದ.’ ನಮ್ಮ ಹೀರೋ ಕನ್ನಡಕ ಹಾಕಲ್ಲ. ತಡವರಿಸೋದೂ ಇಲ್ಲ.”

ಮಾಲೀಕ ಮರುಳಸಿದ್ದಯ್ಯ ಕುರ್ಚಿಯಿಂದ ಎದ್ದೇಬಿಟ್ಟರು. “ಏನ್ ಮಾಡ್ಬುಟ್ಟೆ ಕಣಮ್ಮಾ! ಕೊಬ್ಬರಿ ಮಂಡಿಯೋರ ರಸೀತಿ ಪುಸ್ತಕ ಅಚ್ಚು ಹಾಕ್ಕೊಂಡು ನೆಮ್ಮದಿಯಾಗಿದ್ದೆ. ಈ ಕಾದಂಬರಿ ನಂಗ್ಯಾಕ್ ಬೇಕಿತ್ತು!”

ಯಂತ್ರ ನಿಲ್ಲಿಸಲು ಅವರು ಒಳಗೆ ಓಡಿದರು.

‘ನನ್ನ ಕೆಲಸ ಹೋಯಿತು... ಇವರೆಲ್ಲರ ಅನ್ನಕ್ಕೂ ಕಲ್ಲು ಹಾಕಿದೆನಲ್ಲ!’ ಎಂದುಕೊಂಡಳು ಗಿರಿಜೆ.

ತೋಂಟದಾರ್ಯ ತನ್ನ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. ಅವನ ದನಿ ಸಣ್ಣದಾಗಿತ್ತು.

“ಹಂದನಕೆರೆ ಹಳ್ಳಿಯೋನು, ಮಾತಾಡೋಕೆ ಬರಲ್ಲ ಅಂತ ಕಂಪನಿಯಲ್ಲಿ ಎಲ್ರೂ ನಗ್ತಾರೆ. ನೀವೂ... ನೀವೂ ನನ್ನ ಆಡ್ಕೊಂಡ್ರಾ?”

ಅವಳು ಬೆಚ್ಚಿದಳು. ಕೆಲಸ ಹೋದರೆ ಹೋಗಲಿ... ಇವನು ಹೀಗೆಂದುಕೊಂಡೇ ಬಸ್ಸು ಹತ್ತಿಬಿಟ್ಟರೆ?

“ಇಲ್ಲ ಕಣ್ರೀ!” ಎಂದಳು. “ನಾನು ಆ ಸಿನಿಮಾ ನೋಡಿಲ್ಲ. ಬರೆಯೋವಾಗ ಒಂದು ಮುಖ ಬೇಕಲ್ವಾ? ಪೋಸ್ಟರನ್ನ ಮುಂದೇನೇ ಇಟ್ಕೊಂಡಿದ್ದೆ. ಆದ್ರೂ ಕಣ್ಮುಂದೆ ಬರ್ತಿದ್ದಿದ್ದು... ನೀವೇ. ಮೂರು ದಿನ ನೀವು ಬರ್ಲಿಲ್ಲ. ನಂಗೆ ಗೊತ್ತಿಲ್ದಂಗೇ ಬರೆದುಬಿಟ್ಟೆ.”

ಒಳಗೆ ಯಂತ್ರ ನಿಂತಿತು. ಅವನು ಕೈಯಲ್ಲಿದ್ದ ಹಾಳೆಯನ್ನು ಮತ್ತೊಮ್ಮೆ ಓದಿದ.

‘ದೇವರೇ, ಯಾಕೆ ಹೇಳಿದೆ!’ ಎಂದು ಅವಳು ತನ್ನನ್ನೇ ಹಳಿದುಕೊಂಡಳು.

ತೋಂಟದಾರ್ಯ ಮೆಲ್ಲಗೆ ಕುರ್ಚಿ ಎಳೆದುಕೊಂಡ.

“ಪೆನ್ನು ತಗೊಳ್ಳಿ. ನಾಲ್ಕು ಪುಟ ತಾನೇ? ನೀವು ತಿದ್ದಿ ಬರೀರಿ, ನಾನಿಲ್ಲೇ ಸಹಿ ಹಾಕ್ತೀನಿ. ನಾಳೆ ಹೊತ್ತಿಗೆ ಮತ್ತೆ ಅಚ್ಚಾಗ್ಲಿ.”

“ಕಂಪನಿಗೆ...?”

“ನಾನೇ ಹೇಳ್ತೀನಿ. ತಪ್ಪಾದ ಹಾಳೆ ಒಂದೂ ಹೊರಗೆ ಹೋಗದಿದ್ರೆ ಒಪ್ಪಂದಕ್ಕೇನೂ ಆಗಲ್ಲ.”

ಎರಡು ಸಲ ಮಸಿ ಚೆಲ್ಲಿದರೂ ಗಿರಿಜೆ ಬರೆಯುತ್ತಲೇ ಇದ್ದಳು. ಸಂಜೆ ಐದಕ್ಕೆ ಅವನು ಕೊನೆಯ ಪುಟಕ್ಕೆ ಸಹಿ ಹಾಕಿದ.

“ಪೂರ್ತಿ ತೆಗೆದ್ರಾ ನನ್ನ?”

“ಪುಸ್ತಕದಿಂದ ತೆಗೆದೆ,” ಎಂದಳು ತಲೆ ತಗ್ಗಿಸಿ. “ಬೇರೆ ಕಡೆಯಿಂದ... ಆಗ್ಲಿಲ್ಲ.”

“ಅದು... ಸೋಮವಾರ ನಮ್ಮಮ್ಮನ್ನ ಕರ್ಕೊಂಡು ನಿಮ್ಮನೆಗೆ ಬತ್ತೀನಿ.”

“ಅಯ್ಯೋ, ಅಷ್ಟು ಬೇಗನಾ? ನಂಗೆ ಭಯ ಆಗುತ್ತೆ!”

“ಹನ್ನೆರಡು ದಿನಕ್ಕೆ ಕಾದಂಬರಿ ಬರೆದೋರು ನೀವು. ಐದು ದಿನ ಸಾಲದಾ?”

ಬೆಳಗಿನಿಂದ ಮೊದಲ ಸಲ ಗಿರಿಜೆ ನಕ್ಕಳು.

“ಸಾಕು... ನೀವು ಗಡುವು ಮೀರ್ಬೇಡಿ ಅಷ್ಟೆ.”