ಪರಾಗ ಉದುರಿದ ಬೆಳಗ್ಗೆ

"ಕೈ ತೆಗೀರಿ!"

ಬೆಚ್ಚಿ ತಿರುಗುವಷ್ಟರಲ್ಲಿ ಅವಳ ಮಣಿಕಟ್ಟು ಯಾರದೋ ಮುಷ್ಟಿಯೊಳಗಿತ್ತು!

"ಕೈಗವಸು ಇಲ್ದೆ ಕಾಲ್ಚಿಸಿನ್‌ಗೆ ಕೈ ಹಾಕ್ತಾರೇನ್ರೀ? ವಿಷ ಅದು!"

ಅವಳು ತಳಿ ಪ್ರಯೋಗಾಲಯದ ಸಂಶೋಧಕಿ. ಅವನು ಅಂದೇ ಹಸಿರುಮನೆಯ ಉಸ್ತುವಾರಿಗೆ ಬಂದವನು. ಗಡಿಬಿಡಿಯಲ್ಲಿ ಕೈಗವಸು ಮರೆತದ್ದು ನಿಜವೇ. ಆದರೂ ಮುಖ ಕೆಂಪಾಯಿತು.

'ಬಂದ ದಿನವೇ ನನಗೇ ಪಾಠ! ಏನು ಜಂಬ!... ಆದರೆ ಈ ಎದೆ ಯಾಕೆ ಹೀಗೆ ಹೊಡೆದುಕೊಳ್ತಿದೆ?'

ಬಟ್ಟಲಿನ ಕಾಲ್ಚಿಸಿನ್ ಔಷಧದಲ್ಲಿ ಮುನ್ನೂರು ಮೆಕ್ಕೆಜೋಳದ ಮೊಳಕೆಗಳು ನೆನೆಯುತ್ತಿದ್ದವು. ಪ್ರತಿಯೊಂದರಲ್ಲೂ ಇದ್ದದ್ದು ಅರ್ಧ ಪಾಲು ವರ್ಣತಂತು. ಹಾಗೇ ಬಿಟ್ಟರೆ ಬೀಜ ಕಟ್ಟದ ಪೀಚು ಗಿಡಗಳು. ಔಷಧ ಹಿಡಿದು ವರ್ಣತಂತು ಇಮ್ಮಡಿಯಾದರೆ ಪರಾಗ ಬರುತ್ತದೆ. ಏಳು ವರ್ಷ ಕಾಯಬೇಕಾದ ಶುದ್ಧ ತಳಿ ಎರಡೇ ಹಂಗಾಮಿನಲ್ಲಿ ಕೈಗೆ! ಆಗಲೇ ಎರಡು ಸಲ ಸೋತಿದ್ದಳು.

"ಇದೇ ಕೊನೇ ಸಲ ಕಣಮ್ಮಾ," ಎಂದಿದ್ದರು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ.

ಹತ್ತನೆಯ ದಿನ ಹಸಿರುಮನೆಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಸಸಿ ನೆಟ್ಟಿದ್ದ ಟ್ರೇಗಳೆಲ್ಲ ಮಾಯ! ಕಸದ ಡಬ್ಬಿಯಲ್ಲಿ ಬಾಡಿದ ಸಸಿಗಳು!

"ಎಸೆದುಬಿಟ್ರಾ?!" ಒಳಗೆ ಬಂದ ಅವನ ಮೇಲೆ ಎರಗಿದಳು.

"ಅದು ಹಾಗಲ್ಲ, ಬಿಸಿಲಿಗೆ..."

"ಮಾತಾಡಬೇಡಿ! ನನ್ನ ಮೂರು ವರ್ಷ ಅದು! ನಿಮ್ಮ ಮುಖ ತೋರಿಸಬೇಡಿ ನನಗೆ!"

ಅವನು ತಲೆ ತಗ್ಗಿಸಿ ಹೊರಟುಹೋದ.

ಗುಡಿಸುತ್ತಿದ್ದ ಅಜ್ಜಿ ಪೊರಕೆ ನಿಲ್ಲಿಸಿದಳು. "ಅವನಿಗ್ಯಾಕಮ್ಮಾ ಬೈದೆ? ಸತ್ತಿದ್ದನ್ನ ಎಸೆದ, ಬದುಕಿದ್ದನ್ನ ನೆರಳಿನ ಕೋಣೆಗೆ ಹೊತ್ತ. ಬೆಳಗ್ಗಿಂದ ಒಂದು ತೊಟ್ಟು ನೀರೂ ಕುಡಿದಿಲ್ಲ ಪಾಪ."

ಅಯ್ಯೋ...!

ಓಡಿದಳು. ತಂಪಾದ ಕೋಣೆಯಲ್ಲಿ ಅವನು ಒಂದೊಂದೇ ಸಸಿಗೆ ಹನಿ ನೀರು ಚಿಮುಕಿಸುತ್ತಿದ್ದ. ಇನ್ನೂರು ಸಸಿ... ಜೀವಂತ!

"ಹೇಳಬಾರದಿತ್ತಾ?"

"ಹೇಳೋಕೆ ಬಿಟ್ರಾ ನೀವು?"

ನಗುವೋ ಅಳುವೋ, ಎರಡೂ ಒಟ್ಟಿಗೇ ಉಕ್ಕಿದವು. "ತಪ್ಪಾಯ್ತು..." ಎನ್ನುತ್ತ ಅವನ ಪಕ್ಕ ಕುಳಿತು ತಾನೂ ನೀರು ಚಿಮುಕಿಸತೊಡಗಿದಳು.

ಅಂದಿನಿಂದ ಇಬ್ಬರೂ ಸೇರಿ ಕಾದರು. ಸಸಿಗಳು ಗಿಡವಾದವು, ನೆತ್ತಿಯಲ್ಲಿ ಹೂತೆನೆ ಮೂಡಿತು. ಆದರೆ ಪರಾಗ? ದಿನಾ ಬೆಳಗ್ಗೆ ಅಲುಗಿಸಿ ನೋಡುವುದು, ದಿನಾ ನಿರಾಸೆ...

ಒಂದು ಬೆಳಗ್ಗೆ ಅವನು ಪ್ರಯೋಗಾಲಯಕ್ಕೆ ಏದುಸಿರು ಬಿಡುತ್ತ ನುಗ್ಗಿದ. "ಬನ್ನಿ! ಬೇಗ!"

ಹನ್ನೊಂದನೆಯ ಸಾಲಿನ ಗಿಡವನ್ನು ಮೆಲ್ಲಗೆ ತಟ್ಟಿದ. ಅವಳ ಅಂಗೈ ತುಂಬ ಹಳದಿ ಪುಡಿ!

"ಬಂತು! ಬಂತು ಕಣ್ರೀ!" ಕುಣಿಯುತ್ತ ಅವನ ತೋಳು ಹಿಡಿದವಳು, ಬಿಡಲೇ ಇಲ್ಲ.

"ಕಾಳು ಬಲಿಯೋಕೆ ಇನ್ನೂ ನಲವತ್ತು ದಿನ ಬೇಕು," ಎಂದ ಅವನು. "ಅಲ್ಲೀವರೆಗೂ ಜಗಳ ಆಡದೆ ಇರ್ತೀರಾ?"

"ಉಹುಂ. ದಿನಾ ಆಡ್ತೀನಿ."

"ಆಮೇಲೆ?"

ಅವಳು ಕಣ್ಣೆತ್ತಿ ನೋಡಿದಳು.

"ಆಮೇಲೂ... ನಿಮ್ಮ ಜೊತೇನೇ. ಜೀವನಪೂರ್ತಿ. ಒಪ್ಪಿಗೇನಾ?"

"ಈ ಸಲನಾದ್ರೂ ಮಾತಾಡೋಕೆ ಬಿಡ್ತೀರಾ?"

"ಒಂದೇ ಒಂದು ಮಾತು."

"ಹ್ಞೂಂ!"