ಪಂಪಮ್ಮನಿಗೆ ಹೇಳಿದ ಕಲಂ

"ನಿನಗೊಂದು ಕಲಂ ಕೊಡ್ತೀನಿ, ಚಿಂತಿ ಮಾಡಬ್ಯಾಡ."

ಗೋಡೆಯಾಚೆಗೆ ಹೀಗೆ ಹೇಳಿದ್ದು ಮರಿಸ್ವಾಮಿ. ಆಚೆಯಿಂದ ನಕ್ಕದ್ದು ಪಕ್ಕದ ಮನೆಯ ಪಂಪಮ್ಮ. ಕೇಳಿಸಿಕೊಂಡದ್ದು ರೊಟ್ಟಿ ಬಡಿಯುತ್ತಿದ್ದ ಕಸ್ತೂರೆಮ್ಮ. ರೊಟ್ಟಿ ಹರಿಯಿತು.

1954ರ ಜನವರಿ. ಲಿಂಗಸುಗೂರಿನ ಆ ಹಿತ್ತಲಿನ ದಾಳಿಂಬೆ ಗಿಡ ಮಾಳಿಗೆ ಮೀರಿ ಬೆಳೆದು, ಹಣ್ಣೆಲ್ಲ ಗಿಳಿಗಳ ಪಾಲಾಗುತ್ತಿತ್ತು. ಅದನ್ನು ಸವರಲು ಮಸ್ಕಿಯಿಂದ ಬಂದ ಮರಿಸ್ವಾಮಿ ಕಸ್ತೂರೆಮ್ಮನ ಸೋದರತ್ತೆಯ ಮಗ. ನಿಜಾಮರ ಕಾಲದಲ್ಲಿ ಸರ್ಕಾರಿ ತೋಟದ ಮಾಲಿ ಬಾಬುಸಾಬನ ಕೈಕೆಳಗೆ ಪಳಗಿದವನು.

ಅತ್ತೆ ಅವನಿಗೆ ಹೆಣ್ಣು ಕೇಳಿ ತಿಂಗಳಾಗಿತ್ತು. "ನಿನ್ನ ಮನಸ್ಸಿನಾಗ ಏನದ, ನೀನ ಚೀಟಿ ಬರದು ಅವನ ಕೈಯಾಗ ಕೊಡವ್ವ" ಎಂದಿದ್ದರು ಅಪ್ಪ. ಸಂಜೆ ಬಸ್ಸಿಗೆ ಅವನು ಹೊರಡುವವನು.

ಬೆಳಿಗ್ಗೆಯವರೆಗೂ ಅವಳಿಗೆ ಅನುಮಾನವೇ ಇರಲಿಲ್ಲ. ಈಗ ಇತ್ತು. ಅವನ ಅಂಗಿಯ ಕಿಸೆಯಲ್ಲಿ ಸದಾ ಒಂದು ಕರಿಯ ಮಸಿ ಕಲಂ. ಹಿಂದೊಮ್ಮೆ ಅವಳು ಕೇಳಿದಾಗ, "ಮೊನಿ ಕೆಡ್ತದ" ಎಂದು ಕೊಟ್ಟಿರಲಿಲ್ಲ. ಪಂಪಮ್ಮ ಇತ್ತೀಚೆಗೆ ಅಕ್ಷರ ಕಲಿಯಲು ಹೋಗುತ್ತಿದ್ದಳು.

ನೀರು ಕೊಡುವ ನೆಪದಲ್ಲಿ ಹಿತ್ತಲಿಗೆ ಬಂದಳು.

"ಗ್ವಾಡಿ ಕಡಿ ಟೊಂಗಿ ಮೊದಲು ಕಡದೀರಲ್ಲ, ಮಾವ."

"ಪಂಪಮ್ಮನ ಅಂಗಳಕ್ಕ ಹೋಗಿತ್ತು."

"ಟೊಂಗಿ ಅಷ್ಟ ಅಲ್ಲ, ಮಾತೂ ಹೋಗ್ಯಾವ."

ಏಣಿಯ ಮೇಲಿಂದ ಅವನು ಕೆಳಗೆ ನೋಡಿದ. ನಗು ಮೀಸೆಯಂಚಿನಲ್ಲೇ ನಿಂತಿತ್ತು. "ಹೊಟ್ಟ್ಯಾಗ ಖಾರ ಕುಟ್ಟಾಕತ್ತಿ ಏನು?"

"ಬುಡಕ್ಕ ಕಡದು ಒಗೀರಿ ಗಿಡಾನ."

"ಅದಕ್ಕ ಕೊಡ್ಲಿ ಸಾಕು, ನಾ ಯಾಕ ಬೇಕು? ಕೈ ಎತ್ತು."

"ಯಾಕ?"

"ಎತ್ತಂದ್ರ ಎತ್ತು."

ಎತ್ತಿದಳು. ಬಳೆಗಳು ಮೊಣಕೈಗೆ ಜಾರಿದವು. ಅವನು ಬೆರಳ ತುದಿಯನ್ನು ನೋಡಿದ, ಅಳತೆಗೆ ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು. ಆಮೇಲೆ ಅದೇ ಎತ್ತರಕ್ಕೆ ಟೊಂಗೆ ಕಡಿದ.

ಆದರೂ ಸಿಟ್ಟು ಇಳಿಯಲಿಲ್ಲ. ಒಳಗೆ ಹೋಗಿ ಬರೆದಳು: 'ಅತ್ತೆಗೆ ನಮಸ್ಕಾರ. ಈ ಸಂಬಂಧಕ್ಕೆ ನನ್ನ ಒಪ್ಪಿಗೆ ಇಲ್ಲ.'

ಚೀಟಿ ಹಿಡಿದು ಹೊರಬರುವಾಗ ಪಂಪಮ್ಮ ಹಿತ್ತಲ ಬಾಗಿಲಲ್ಲಿದ್ದಳು. "ಕಲಂ ಕೊಡ್ತೀನಿ ಅಂದಿದ್ರಲ್ರೀ?"

ಮರಿಸ್ವಾಮಿ ಕಿಸೆ ಮುಟ್ಟಲಿಲ್ಲ. ಹಸಿ ಗೋಣಿಯಿಂದ ಗೇಣುದ್ದದ ದಾಳಿಂಬೆ ಕಡ್ಡಿ ತೆಗೆದ. "ಓರೆ ಕೊಯ್ದ ತುದಿ ಮಣ್ಣಾಗ ಇರಲಿ."

ಪಂಪಮ್ಮ ಹೋದಳು. ಕಸ್ತೂರೆಮ್ಮ ಕಡ್ಡಿ ಹೋದ ದಿಕ್ಕನ್ನೇ ನೋಡುತ್ತಿದ್ದಳು.

"ಅದಕ್ಕ ಕಲಂ ಅಂತೀರಿ?"

"ನೆಡೋ ಕಡ್ಡಿಗೆ ಬಾಬುಸಾಬ್ ಹಂಗ ಅಂತಿದ್ದ. ನೀ ಏನ್ ತಿಳದಿ?"

"ಏನಿಲ್ಲ." ಕಣ್ಣು ಮಾತ್ರ ಅವನ ಕಿಸೆಗೆ ಹೋಯಿತು. ಅವನು ಅದನ್ನು ಕಂಡ. ಮೀಸೆಯಂಚಿನ ನಗು ಈಗ ತಡೆಯಲಿಲ್ಲ.

ಗೋಣಿಯಲ್ಲಿ ಇನ್ನೊಂದು ಕಡ್ಡಿ ಇತ್ತು. "ಅದು ಯಾರಿಗೆ?" ದನಿ ಮತ್ತೆ ಚುರುಕಾಯಿತು.

"ಮಸ್ಕಿ ಮನಿ ಅಂಗಳಕ್ಕ. ಎತ್ತರ ಹೋಗಾಕ ಬಿಡಂಗಿಲ್ಲ. ನಿನ್ನ ಕೈ ಅಳತಿ ತಗೊಂಡೀನಿ." ನಗು ನಿಂತಿತು. "ಚೀಟಿಯಾಗ ಏನ್ ಬರದಿಯೋ ಗೊತ್ತಿಲ್ಲ. ಆದ್ರೂ ತಗೊಂಡೀನಿ."

ಅವಳು ಕೈ ಚಾಚಿದಳು. "ಕಲಂ ಕೊಡ್ರಿ."

"ಯಾವ ಕಲಂ?"

"ಕಿಸೆದಾಗಿಂದು."

"ಮೊನಿ ಕೆಡ್ತದ" ಎಂದ, ಎನ್ನುತ್ತಲೇ ಕೊಟ್ಟ.

ಅವಳು ಬೆನ್ನು ತಿರುಗಿಸಿ, ಚೀಟಿಯನ್ನು ಗೋಡೆಗೆ ಒತ್ತಿ, ಕೊನೆಯ 'ಇಲ್ಲ'ವನ್ನು ಹೊಡೆದು ಹಾಕಿದಳು.

"ಏನ್ ಮಾಡಾಕತ್ತಿ?"

"ಒಂದು ಟೊಂಗಿ ಹೆಚ್ಚಾಗಿತ್ತು. ಸವರಾಕತ್ತೀನಿ."

ಚೀಟಿ ಅವನ ಕೈಗಿಟ್ಟಳು. ಕಲಂ ಮಾತ್ರ ಕೊಡಲಿಲ್ಲ.